ವ್ಯಾಟ್ ಸಾಕು, ಈಗ ಮಿಕ್ಸಿಯ ಉಳಿದ ಭಾಗ ನೋಡಿ

ಮಿಕ್ಸಿ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ವ್ಯಾಟ್. 500, 750, 1000. ಕಾಯಿ ಚಟ್ನಿಗೆ, ಸಾರಿನ ಪುಡಿಗೆ ಬೇಕಾದಷ್ಟು ಶಕ್ತಿ ಯಾವತ್ತೋ ಬಂದಾಯಿತು. ಅದನ್ನು ದಿನಾ ಬಳಸಿ, ತೊಳೆದು ಇಡುವವರ ಕಷ್ಟ ಮಾತ್ರ ಹಾಗೇ ಇದೆ.

ಜಾರ್ ತಿರುಗಿಸಿ ತಳ ನೋಡಿ. ಮೋಟಾರಿಗೆ ಕಚ್ಚಿ ಕೂರುವ ಗಾಲಿ, ಅಂದರೆ ಕಪ್ಲರ್, ಅದರ ಸುತ್ತ ಒಂದು ಸಂದು. ನೀರು, ಮಸಾಲೆ ಅಲ್ಲೇ ಕೂರುತ್ತದೆ. ಹಳೇ ಟೂತ್‌ಬ್ರಷ್ ಇಲ್ಲದೆ ಅದು ಹೋಗುವುದಿಲ್ಲ. ಒಳಗೆ ಬ್ಲೇಡ್ ಕೆಳಗೂ ಅದೇ ಕಥೆ, ಅಲ್ಲಿ ಬೆರಳು ಹಾಕಲು ಭಯ. ಎಷ್ಟೋ ಜಾರ್‌ಗಳಲ್ಲಿ ಬ್ಲೇಡ್ ಬಿಚ್ಚಲು ಸ್ಪ್ಯಾನರ್ ಬೇಕು. ಕೈಯಲ್ಲೇ ತಿರುಗಿಸಿ ಬಿಚ್ಚುವಂತೆ ಎಲ್ಲ ಜಾರ್‌ಗೂ ಮಾಡಬಾರದೇಕೆ? ಲೋಡ್ ಜಾಸ್ತಿಯಾಗಿ ಮಿಕ್ಸಿ ನಿಂತರೆ ಒತ್ತಬೇಕಾದ ಕೆಂಪು ಬಟನ್ ಸಾಮಾನ್ಯವಾಗಿ ತಳದಲ್ಲಿರುತ್ತದೆ. ಒಲೆ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗ ಜಾರ್ ಕೆಳಗಿಟ್ಟು, ಅಷ್ಟು ಭಾರದ ಮಿಕ್ಸಿ ಎತ್ತಿ ತಡಕಬೇಕು. ಪಕ್ಕದಲ್ಲಿ ಇಟ್ಟರೆ ಏನು ಹೋಗುತ್ತದೆ?

ಇನ್ನು ಸದ್ದು. ಬೆಳಿಗ್ಗೆ ಮಗು ಮಲಗಿರುವ ಮನೆಯಲ್ಲಿ ಚಟ್ನಿ ರುಬ್ಬಿದವರನ್ನು ಕೇಳಿ. ಸಾಮಾನ್ಯ ಮಿಕ್ಸಿಯ ಮೋಟಾರ್‌ನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಉಜ್ಜುತ್ತಿರುತ್ತದೆ, ವೇಗವೂ ವಿಪರೀತ. ಬ್ರಷ್ ಇಲ್ಲದ ಬಿಎಲ್‌ಡಿಸಿ ಮೋಟಾರ್ ಸೀಲಿಂಗ್ ಫ್ಯಾನಿಗೆ ಬಂದಿದೆ. ಮಿಕ್ಸಿಗೂ ಅಲ್ಲೊಂದು ಇಲ್ಲೊಂದು ಬರುತ್ತಿದೆ, ಆದರೆ ಬೆಲೆ ಜಾಸ್ತಿ. ಬ್ಲೇಡಿನ ಸದ್ದು ಇದರಿಂದ ಪೂರ್ತಿ ಹೋಗದು, ಆದರೂ ಕಂಪನಿಗಳು ಪೈಪೋಟಿ ಮಾಡಬೇಕಾದ್ದು ಇಲ್ಲಿ.

ಮೊದಲು ಹೀಗಿರಲಿಲ್ಲ, ಬಳಸುವವರ ಕಷ್ಟ ನೋಡಿ ವಸ್ತು ಮಾಡಿದವರಿದ್ದರು. ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಮನೆಯಲ್ಲಿದ್ದ ವಿದೇಶಿ ಮಿಕ್ಸಿ ನಮ್ಮ ಅಡುಗೆಯ ಕೆಲಸ ತಡೆಯದೆ ಕೆಟ್ಟಿತು. ಅವರು ಇಲ್ಲಿನ ಅಡುಗೆಗೆ ತಕ್ಕ ಗಟ್ಟಿ ಮೋಟಾರಿನ ಮಿಕ್ಸಿ ಮಾಡಿದರು. ಅದೇ ಸುಮೀತ್. ಅಮೆರಿಕದಲ್ಲಿ ಅಡುಗೆ ಸಾಮಾನಿನ ಉದ್ಯಮಿ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ, ಸಿಪ್ಪೆ ಹೆರೆಯಲು ಕಷ್ಟವಾಗುತ್ತಿತ್ತು. ಅದನ್ನು ನೋಡಿ ಫಾರ್ಬರ್ ಮಾಡಿಸಿದ ದಪ್ಪ, ಮೆತ್ತನೆ ಹಿಡಿಯ ಪೀಲರ್ 1990ರಲ್ಲಿ ಆಕ್ಸೋ ಹೆಸರಿನಲ್ಲಿ ಬಂತು. ಕೈನೋವು ಇಲ್ಲದವರೂ ಅದನ್ನೇ ಕೊಂಡರು.

ನಮ್ಮಲ್ಲೂ ಗಂಟುನೋವಿನ ಅಜ್ಜಿಯರು ಬಿಗಿ ಮುಚ್ಚಳ ಒತ್ತಿ ಹಿಡಿದೇ ರುಬ್ಬುತ್ತಾರೆ. ಕಂಪನಿಯ ಡಿಸೈನರ್‌ಗಳು ಒಂದು ವಾರ ಅಂಥವರ ಅಡುಗೆಮನೆಯಲ್ಲಿ ನಿಲ್ಲಲಿ. ಆ ಮಿಕ್ಸಿಯನ್ನು ತಾವೇ ತೊಳೆಯಲಿ. ನೀವೂ ಮುಂದಿನ ಸಲ ಅಂಗಡಿಯಲ್ಲಿ ವ್ಯಾಟ್ ಕೇಳುವ ಮೊದಲು ಬ್ಲೇಡ್ ಬಿಚ್ಚಿ ತೋರಿಸಿ ಅನ್ನಿ.