ನಿಮ ಹಳಿ ಯಾವುದು?

ತಿಪಟೂರಿನ ಕಡೆ ಮನೆಗೊಂದು ತುರಿಮಣೆ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಒಂದೂವರೆ ಇದೆ. ಆ ಅರ್ಧ ನನ್ನದು.

ಮೆಕ್ಯಾನಿಕಲ್ ಮುಗಿಸಿ, ಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆದು, ವಿನ್ಯಾಸದ ಸ್ನಾತಕೋತ್ತರ ಪದವಿ ಎಂ.ಡೆಸ್.ಗೆ ಸೇರಿದ ಹೊಸತು. ಮನೆಯ ಯಾವುದಾದರೂ ಒಂದು ವಸ್ತುವನ್ನು ಸುಧಾರಿಸಿ ತನ್ನಿ ಎಂದರು ಮೇಷ್ಟ್ರು. ನಾನು ಅಮ್ಮನ ತುರಿಮಣೆಗೇ ಕೈ ಹಾಕಿದೆ. ನೆಲದಲ್ಲಿ ಕೂತು ಬೆನ್ನು ಬಗ್ಗಿಸುವ ಪಾಡು ತಪ್ಪಲಿ ಎಂದು ಅಡುಗೆಕಟ್ಟೆಗೆ ಕಚ್ಚಿಸುವ ಕ್ಲ್ಯಾಂಪು, ಸ್ಟೀಲಿನ ಹಲ್ಲು, ತುರಿ ಬೀಳಲು ಪುಟ್ಟ ತಟ್ಟೆ. ಒಳ್ಳೆಯ ಅಂಕವೂ ಬಂತು. ಊರಿಗೆ ತಂದರೆ ಕ್ಲ್ಯಾಂಪಿನ ಬಾಯಿ ಮೂರು ಸೆಂಟಿಮೀಟರು, ನಮ್ಮ ಕಟ್ಟೆಯ ಕಲ್ಲು ಐದು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಮೇಲೆ ಕೂರೋದೆಲ್ಲಿ?" ಎಂದಳು. ತುರಿಮಣೆ ಅಲುಗದಂತೆ ಹಿಡಿಯುವುದು ಕೂತವರ ಭಾರವೇ ಎನ್ನುವ ಸಂಗತಿ ನನ್ನ ನಲವತ್ತು ಪುಟದ ವರದಿಯಲ್ಲಿ ಎಲ್ಲೂ ಇರಲಿಲ್ಲ. ಈಗ ಅದು ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಕಾಯುತ್ತಿದೆ. ಆ ಕೆಲಸಕ್ಕೆ ಅದು ಬಹಳ ಚೆನ್ನಾಗಿದೆ.

ಈಗ ಬೆಂಗಳೂರಿನಲ್ಲಿ ಆಪ್‌ಗಳ ಪರದೆ ವಿನ್ಯಾಸ ಮಾಡುತ್ತೇನೆ. ಅಪ್ಪ ನೆಂಟರಿಗೆ ಹೇಳುವುದು ಇಷ್ಟೇ: "ಮೊಬೈಲಲ್ಲಿ ಗುಂಡಿ ಇಡ್ತಾನೆ." ಇಡುತ್ತಾನೋ ತೋಡುತ್ತಾನೋ ಎಂದು ಕೆಲವರಿಗೆ ಇನ್ನೂ ಅನುಮಾನವಿದೆ.

ಗುಂಡಿ ಇಡುವುದಕ್ಕೂ ಲೆಕ್ಕವಿದೆ. ಬೆರಳು ತಪ್ಪದಿರಬೇಕಾದರೆ ಒತ್ತುವ ಜಾಗ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ ಆಂಡ್ರಾಯ್ಡ್‌ನ ಮಾರ್ಗಸೂಚಿ. ಡೈರಿಗೆ ಹಾಲು ಹಾಕುವವರಿಗಾಗಿ ಆಪ್ ಮಾಡುವಾಗ ಆ ಅಳತೆ ಒಂದು ಕೂದಲೂ ತಪ್ಪಲಿಲ್ಲ. ತಪ್ಪಿದ್ದು ಅಕ್ಷರ. ಪರದೆ ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಇಟ್ಟು, ಸಾಲಿನ ಎತ್ತರ ಬಿಗಿ ಮಾಡಿ, ಕೊನೇ ದಿನ ಅದರೊಳಗೆ ಕನ್ನಡ ಸುರಿದೆ. ಇಂಗ್ಲಿಷಿಗೆ ಕೆಳಗಿಳಿಯುವುದು ಅಲ್ಲೊಂದು ಇಲ್ಲೊಂದು ಬಾಲ. ನಮ್ಮ ಒತ್ತಕ್ಷರಕ್ಕೆ ನೆಲಮಾಳಿಗೆಯೇ ಬೇಕು. ಪರದೆ ಆ ನೆಲಮಾಳಿಗೆಯನ್ನು ಸದ್ದಿಲ್ಲದೆ ಕತ್ತರಿಸಿ ಎಸೆಯಿತು.

ಪರೀಕ್ಷೆಗೆಂದು ಫೋನ್ ಹಿಡಿದ ಹಿರಿಯರೊಬ್ಬರು ಕನ್ನಡಕ ಏರಿಸಿ 'ನಿಮ ಹಳಿ' ಎಂದು ಓದಿದರು. "ನಮ್ಮೂರಿಗೆ ರೈಲೇ ಬಂದಿಲ್ಲ ಸ್ವಾಮಿ, ಹಳಿ ಎಲ್ಲಿಂದ ತರ್ಲಿ?" ಕೆಳಗಿನ ಸಾಲಿನಲ್ಲಿ 'ಎಮ್ಮೆ ಎಷ್ಟು' ಎನ್ನುವುದು 'ಎಮೆ ಎಷು' ಆಗಿತ್ತು. ಪಕ್ಕದಲ್ಲಿದ್ದವರು ಒಮ್ಮೆ ತಮ್ಮ ಕಣ್ಣುರೆಪ್ಪೆ ಮುಟ್ಟಿ ನೋಡಿಕೊಂಡು, "ಇದನ್ಯಾರು ಎಣಿಸ್ತಾರೆ?" ಎಂದರು. ಅವರದು ತಮಾಷೆಯೋ ನಿಜವಾದ ಸಂಶಯವೋ ಈಗಲೂ ತಿಳಿಯದು.

ಇಂಥ ಮಾತನ್ನೆಲ್ಲ ಅಂಟುಚೀಟಿಗಳಲ್ಲಿ ಬರೆದು, ಗೋಡೆಗೆ ಹಚ್ಚಿ, ಅರ್ಥ ನೋಡಿ ಗುಂಪು ಮಾಡುವುದು ನಮ್ಮ ಕೆಲಸದ ರೀತಿ. ಎರಡು ದಿನ ಕೂತು ನಡುಮನೆಯ ಗೋಡೆ ತುಂಬಿಸಿದೆ. ಈ ಚೀಟಿಯ ಅಂಟೇ ಒಂದು ಎಡವಟ್ಟಿನ ಕೂಸು. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಹುಡುಕಲು ಹೋಗಿ, ಹಿಡಿದೂ ಹಿಡಿಯದ ಅಂಟು ಸಿಕ್ಕಿತು. ಅದೇ ಚೀಟಿಯಾಗಿ ಆ ದೇಶದ ಅಂಗಡಿಗಳಿಗೆಲ್ಲ ಬಂದದ್ದು 1980ರಲ್ಲಿ. ಹಿಡಿದೂ ಹಿಡಿಯದ ಆ ಗುಣ ಫ್ಯಾನಿನ ಎದುರು ಏನು ಮಾಡುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ನಮ್ಮ ಬಾಡಿಗೆ ಮನೆಯ ಸ್ವಿಚ್‌ಬೋರ್ಡ್‌ನಲ್ಲಿ ಎಂಟು ಸ್ವಿಚ್ಚು, ಎಂಟೂ ಅವಳಿ ಜವಳಿ. ನಾಲ್ಕು ವರ್ಷವಾದರೂ ದೀಪ ಹಾಕಲು ನಾನು ಮೂರು ಒತ್ತಿ ನೋಡುತ್ತೇನೆ. ಹಿಂದಿನ ದಿನವಷ್ಟೇ ಊರಿಂದ ಬಂದಿದ್ದ ಅಮ್ಮ ನಸುಕಿನಲ್ಲಿ ಎದ್ದು ದೀಪವೆಂದು ಒತ್ತಿದ್ದು ಫ್ಯಾನು. ರೆಗ್ಯುಲೇಟರ್ ಐದರಲ್ಲಿತ್ತು.

ನಾನು ಎದ್ದಾಗ ಗೋಡೆ ಬೋಳು. ಟೀಪಾಯಿಯ ಮೇಲೆ ಹಳದಿ ಒಂದು ಕಟ್ಟು, ಹಸಿರು ಒಂದು, ಗುಲಾಬಿ ಒಂದು, ಮೂರಕ್ಕೂ ರಬ್ಬರ್ ಬ್ಯಾಂಡು.

"ಎಲ್ಲ ಬೆರೆತು ಹೋಗಿತ್ತು ಕಣೋ, ಬಣ್ಣ ನೋಡಿ ಜೋಡಿಸಿದ್ದೀನಿ" ಎಂದು ಕಾಫಿ ಕೊಟ್ಟಳು.

ಗುಲಾಬಿ ಕಟ್ಟಿನಲ್ಲಿ ಒಂದು ಕಮ್ಮಿ ಇತ್ತು. ಹುಡುಕಿದರೆ ಫ್ರಿಜ್ಜಿನ ಬಾಗಿಲ ಮೇಲಿದೆ. ಮೇಲ್ಗಡೆ ನನ್ನ ದಪ್ಪ ಅಕ್ಷರ: 'ಬಳಕೆದಾರರಿಗೆ ನಿಜಕ್ಕೂ ಬೇಕಿರುವುದೇನು?' ಅದರ ಕೆಳಗೆ, ಒಂದು ಒತ್ತೂ ತಪ್ಪದ ಅಮ್ಮನ ಕೈಬರಹ: 'ಕೊತ್ತಂಬರಿ, ಹೆಪ್ಪಿಗೆ ಮೊಸರು, ಕೂತು ತುರಿಯೋ ತುರಿಮಣೆ.'