ಆ ಭೇಟಿ ಕೊಟ್ಟವರ ಅಂಕಿ ಯಾರಿಗೆ ಬೇಕು?

ಸರ್ಕಾರಿ ವೆಬ್‌ಸೈಟುಗಳ ತಳದಲ್ಲಿ 'ಒಟ್ಟು ಭೇಟಿ ನೀಡಿದವರು' ಅಂತ ಒಂದು ಅಂಕಿ ಇರುತ್ತೆ, ನೋಡಿರ್ತೀರಿ. ಲಕ್ಷಗಟ್ಟಲೆ. ಬಂದವರಲ್ಲಿ ಎಷ್ಟು ಜನಕ್ಕೆ ಬೇಕಾದ್ದು ಸಿಕ್ತು ಅನ್ನೋ ಲೆಕ್ಕ ಮಾತ್ರ ಎಲ್ಲೂ ಇರಲ್ಲ. ಪುಟ ವೀಕ್ಷಣೆ ಏರಿದೆ ಅಂತ ಮೀಟಿಂಗಲ್ಲಿ ಬೀಗೋರನ್ನ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತೆ.

ಯಾಕೆ ಅಂತ ಹೇಳ್ತೀನಿ. ವೆಬ್‌ಸೈಟ್ ಪರೀಕ್ಷೆ ಮಾಡೋದು ನನ್ನ ಕೆಲಸ. ಒಂದು ಊರಿನ ಸೈಟಲ್ಲಿ ನೀರಿನ ಬಿಲ್ಲಿನ ಹೆಸರು ಬದಲಾಯಿಸೋ ಅರ್ಜಿ ಹುಡುಕಿ ಅಂತ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ಹೇಳಿದ್ದೆ. 'ಸೇವೆಗಳು' ಒತ್ತಿದರು, ಇಲ್ಲ. 'ನಾಗರಿಕರಿಗೆ', ಇಲ್ಲ. ವಾಪಸ್ ಬಂದು 'ಡೌನ್‌ಲೋಡ್ಸ್', ಅಲ್ಲೂ ಇಲ್ಲ. ಅರ್ಜಿ ಇದ್ದಿದ್ದು 'ಸುತ್ತೋಲೆಗಳು' ಒಳಗೆ! "ಇದಕ್ಕಿಂತ ಆಫೀಸಿಗೆ ಹೋಗಿ ಕ್ಯೂ ನಿಲ್ಲೋದೇ ವಾಸಿ ಕಣಮ್ಮ" ಅಂದ್ರು.

ಈ ಅಲೆದಾಟ ಅಳೆಯೋಕೆ ಸ್ಮಿತ್ ಅನ್ನೋ ಸಂಶೋಧಕರು 1996ರಲ್ಲೇ 'ಲಾಸ್ಟ್‌ನೆಸ್' ಅನ್ನೋ ಸೂತ್ರ ಕೊಟ್ಟಿದ್ದಾರೆ. ಕನಿಷ್ಠ ಎಷ್ಟು ಪುಟ ಸಾಕಿತ್ತು, ಎಷ್ಟು ಬೇರೆಬೇರೆ ಪುಟ ನೋಡಿದರು, ತಿರುಗಿ ನೋಡಿದ್ದೂ ಸೇರಿ ಒಟ್ಟು ಎಷ್ಟು, ಇಷ್ಟು ಗೊತ್ತಾದ್ರೆ ಆಯ್ತು. ಉತ್ತರ ಸೊನ್ನೆ ಬಂದ್ರೆ ನೇರವಾಗಿ ಹೋಗಿದ್ದಾರೆ, 0.4ರ ಒಳಗಿದ್ರೆ ಪರವಾಗಿಲ್ಲ, 0.5 ದಾಟಿದ್ರೆ ದಾರಿ ತಪ್ಪಿದ್ದಾರೆ. ಮೇಷ್ಟ್ರಿಗೆ 3 ಪುಟ ಸಾಕಿತ್ತು. ನೋಡಿದ್ದು 6 ಬೇರೆ ಪುಟ, ಒಟ್ಟು 9 ಸಲ. ಲೆಕ್ಕ ಹಾಕಿದ್ರೆ 0.6. ಇದೇ ಅಲೆದಾಟ ತಿಂಗಳ ವರದಿಯಲ್ಲಿ '9 ವೀಕ್ಷಣೆ' ಅಂತ ಸಾಧನೆಯ ಪಟ್ಟಿಗೆ ಸೇರುತ್ತೆ!

ಸೈಟ್ ಕಟ್ಟೋಕೆ ಮುಂಚೆಯೇ ಇದನ್ನ ಪತ್ತೆ ಹಚ್ಚಬಹುದು. ಟ್ರೀ ಟೆಸ್ಟ್ ಅಂತಾರೆ. ಬಣ್ಣ, ಫೋಟೋ, ಮಂತ್ರಿಗಳ ಮುಖ ಎಲ್ಲ ತೆಗೆದು ಬರೀ ಮೆನು ಹೆಸರುಗಳನ್ನ ಕೊಟ್ಟು 'ಇದು ಎಲ್ಲಿರುತ್ತೆ?' ಅಂತ ಕೇಳೋದು. ವೆಬ್‌ಸೈಟಿನ ಮಾಹಿತಿ ಜೋಡಿಸೋ ತಜ್ಞೆ ಡೊನ್ನಾ ಸ್ಪೆನ್ಸರ್ 2003ರ ಹೊತ್ತಿಗೆ ಕಾಗದದ ಕಾರ್ಡುಗಳಲ್ಲೇ ಮಾಡಿ ತೋರಿಸಿದ್ರು. ಖರ್ಚು ಅಂದ್ರೆ ಟೀ ಬಿಸ್ಕತ್ತಿನದಷ್ಟೇ. ಮೊದಲು ಎಲ್ಲಿ ಒತ್ತಿದರು ಅನ್ನೋದನ್ನ ತಪ್ಪದೆ ಬರ್ಕೊಳ್ಳಿ. ಅದು ಎಡವಟ್ಟಾದ್ರೆ ಮುಂದಿಂದು ಸರಿಯಾಗೋದು ಕಷ್ಟ.

ಹಾಂ, 'ಐದು ಜನರ ಮೇಲೆ ಪರೀಕ್ಷೆ ಮಾಡಿದ್ರೆ ಸಾಕು' ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದಿದ್ದು ತೊಡಕು ಎಲ್ಲಿದೆ ಅಂತ ಕಂಡುಹಿಡಿಯೋಕೆ, ಶೇಕಡಾ ಎಷ್ಟು ಜನಕ್ಕೆ ಸಿಕ್ತು ಅಂತ ಲೆಕ್ಕ ಹಾಕೋಕಲ್ಲ. ಐವರಲ್ಲಿ ನಾಲ್ವರಿಗೆ ಸಿಕ್ತು ಅಂತ '80% ಯಶಸ್ಸು' ಅನ್ನೋ ಸ್ಲೈಡ್ ಮಾಡೋರಿಗೆ ದೊಡ್ಡ ನಮಸ್ಕಾರ.

ಸರ್ಕಾರಿ ಸೈಟುಗಳಿಗೆ ಸೆಕ್ಯುರಿಟಿ ಆಡಿಟ್ ಕಡ್ಡಾಯ ಮಾಡಿದ್ದಾರೆ, ಒಳ್ಳೇದೇ. ಅದರ ಜೊತೆಗೆ ಜನ ದಿನಾ ಹುಡುಕೋ ಹತ್ತು ಕೆಲಸಗಳ ಪಟ್ಟಿಯನ್ನೂ ಟೆಂಡರಿಗೆ ಸೇರಿಸ್ಲಿ. ಹೊರಗಿನವರನ್ನ ಕೂರಿಸಿ ಹುಡುಕಿಸ್ಲಿ. ಸಿಗದಿದ್ರೆ ಕೊನೇ ಕಂತಿನ ಬಿಲ್ ಪಾಸ್ ಮಾಡೋದು ಬೇಡ.