ಎಂಒಯು ಇಲ್ದೇನೇ ಶುರುವಾದ ಒಂದು ನೆಂಟಸ್ತನ

ಸಿಸ್ಟರ್ ಸಿಟಿ (ಬೇರೆ ಬೇರೆ ದೇಶದ ಎರಡೂರು ಸ್ನೇಹಕ್ಕೆ ಅಂತ ಎಂಒಯು, ಅಂದ್ರೆ ಒಪ್ಪಂದ ಪತ್ರ, ಮಾಡ್ಕೊಳ್ಳೋದು) ಅಂದ್ರೆ ನಂಗೆ ಮೊದ್ಲಿಂದ್ಲೂ ಒಂಥರಾ ಅಸಡ್ಡೆ. ಎರಡೂರಿನ ಮೇಯರ್‌ಗಳು ಕೈ ಕುಲುಕಿ, ಶಾಲು ಹೊದಿಸ್ಕೊಂಡು, ಫೋಟೋ ತೆಗಿಸ್ಕೊಂಡು, ಒಂದು ಡೆಲಿಗೇಷನ್ ಹೋಗಿ ಬಂದು, ಆಮೇಲೆ ಆ ಫೈಲ್ ಯಾವ ಬೀರುನಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಮದ್ವೆ ಮನೇಲಿ ಸಿಕ್ಕಿದ ದೂರದ ನೆಂಟ್ರು "ಒಂದ್ಸಲ ನಮ್ಮನೆ ಕಡೆ ಬನ್ನಿ" ಅಂತಾರೆ, ಮನೆ ಎಲ್ಲಿದೆ ಅಂತ ಮಾತ್ರ ಹೇಳಲ್ಲ, ಹಂಗೆ. ನಮ್ಮ ಬೆಂಗಳೂರನ್ನೇ ತಗೊಳ್ಳಿ, ಕ್ಲೀವ್‌ಲ್ಯಾಂಡ್ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಇದೆ, 2013ರಲ್ಲಿ ಚೀನಾದ ಚೆಂಗ್ಡು ಬಂತು, ಅದಕ್ಕೆಲ್ಲ ಮುಂಚೆ 1973ರಲ್ಲೇ ಮಿನ್ಸ್ಕ್. ಮಿನ್ಸ್ಕ್ ಊರಲ್ಲಿ ಬೆಂಗಳೂರಿನ ಹೆಸ್ರಲ್ಲಿ ಒಂದು ಚೌಕ ಇದೆ, ಇಲ್ಲಿ ನಮ್ದೂ ಮಿನ್ಸ್ಕ್ ಸ್ಕ್ವೇರ್ ಇದೆ, ಅದರ ಸಿಗ್ನಲ್‌ನಲ್ಲಿ ಬೈದ್ಕೊಂಡು ನಿಂತಿರೋರಲ್ಲಿ ಎಷ್ಟು ಜನಕ್ಕೆ ಮಿನ್ಸ್ಕ್ ಯಾವ ದೇಶದಲ್ಲಿದೆ ಅಂತ ಗೊತ್ತು ಹೇಳಿ.

ಈ ಅಸಡ್ಡೆ ಒಂದೇ ಒಂದು ಜೋಡಿ ಮುಂದೆ ನಡೆಯಲ್ಲ. ಜಪಾನಿನ ಒಂಜುಕು, ಮೆಕ್ಸಿಕೋದ ಅಕಾಪುಲ್ಕೋ.

ಒಂಜುಕು ಚಿಬಾ ಪ್ರಾಂತ್ಯದ ಪೆಸಿಫಿಕ್ ದಂಡೇಲಿರೋ ಪುಟ್ಟ ಊರು, ಇವತ್ತಿಗೂ ಜನಸಂಖ್ಯೆ ಸುಮಾರು 7 ಸಾವಿರ ಅಷ್ಟೇ. ಅಕಾಪುಲ್ಕೋ ಅಂದ್ರೆ 2020ರ ಜನಗಣತಿ ಪ್ರಕಾರ ಹತ್ತಿರತ್ತಿರ 7 ಲಕ್ಷ 80 ಸಾವಿರ ಜನ ಇರೋ ಊರು, ಒಂದು ಕಾಲಕ್ಕೆ ಹಾಲಿವುಡ್‌ನೋರು ರಜಾ ಕಳಿಯೋಕೆ ಬರ್ತಿದ್ದ ಜಾಗ. ಯಾವ ಲೆಕ್ಕದಲ್ಲೂ ಇದು ಸರಿಜೋಡಿ ಅಲ್ಲ. ಯಾವನಾದ್ರೂ ಕನ್ಸಲ್ಟೆಂಟ್ ಕೂತ್ಕೊಂಡು ಪಿಪಿಟಿ ಮಾಡಿದ್ರೆ ಈ ಎರಡೂರನ್ನ ಜೊತೆಗೆ ಇಡ್ತಾನೇ ಇರ್ಲಿಲ್ಲ.

ಇದನ್ನ ಮಾಡಿದ್ದು ಒಂದು ಹಡಗು. ಹೆಸ್ರು ಸ್ಯಾನ್ ಫ್ರಾನ್ಸಿಸ್ಕೋ (ಅಮೆರಿಕದ ಊರಲ್ಲ, ಹಡಗು). ಆ ಕಾಲದಲ್ಲಿ ಫಿಲಿಪೀನ್ಸಿನ ಮನಿಲಾದಿಂದ ಅಕಾಪುಲ್ಕೋಗೆ ಸ್ಪೇನಿನೋರ ದೊಡ್ಡ ಹಡಗುಗಳು ಓಡಾಡ್ತಿದ್ವು (ಮೆಕ್ಸಿಕೋ ಆಗ ಸ್ಪೇನಿನ ಕೈಲಿತ್ತು), ಮನಿಲಾದಿಂದ ಚೀನಾ ರೇಷ್ಮೆ, ಪಿಂಗಾಣಿ, ಅಕಾಪುಲ್ಕೋದಿಂದ ಬೆಳ್ಳಿ. ಮನಿಲಾದಿಂದ ಸೀದಾ ಪೂರ್ವಕ್ಕೆ ಹೊರಟ್ರೆ ಗಾಳಿ ಎದುರಿಗೆ ಬೀಸತ್ತೆ, ಅದಕ್ಕೆ ಉತ್ತರಕ್ಕೆ ಹೋಗಿ, ಜಪಾನ್ ಪಕ್ಕ ಹರಿಯೋ ಕುರೋಶಿಯೋ ಪ್ರವಾಹ ಹಿಡ್ಕೊಂಡು, ಪಶ್ಚಿಮದಿಂದ ಬೀಸೋ ಗಾಳಿ ಸಿಕ್ಕಿದ್ಮೇಲೆ ಸಾಗರ ದಾಟ್ಬೇಕು. 1565ರಲ್ಲಿ ಉರ್ದನೇತಾ ಅನ್ನೋ ಪಾದ್ರಿ ಈ ದಾರಿ ಹುಡುಕಿ ಕೊಟ್ಟ, 1815ರ ತನಕ ಅದೇ ದಾರಿ. ಹಂಗಾಗಿ ಮೆಕ್ಸಿಕೋಗೆ ಹೋಗ್ಬೇಕಾದ ಹಡಗು ಬಿರುಗಾಳಿಗೆ ಸಿಕ್ಕಿ ಜಪಾನಿನ ಬಂಡೆಗೆ ಬಡಿಯೋದ್ರಲ್ಲಿ ಆಶ್ಚರ್ಯ ಏನಿಲ್ಲ, ದಾರೀನೇ ಹಂಗಿತ್ತು.

1609ರ ಸೆಪ್ಟೆಂಬರ್ 30. ಈಗ ಒಂಜುಕುಗೆ ಸೇರಿರೋ ಇವಾವಾಡ ಅನ್ನೋ ಹಳ್ಳಿ ಹತ್ರ ಹಡಗು ಒಡೀತು. ಅದ್ರಲ್ಲಿದ್ದೋರು 373 ಜನ, ಸತ್ತೋರು 56, ಬದುಕಿದೋರು 317. ಹಳ್ಳಿ ಜನಸಂಖ್ಯೆ ಎಷ್ಟಿತ್ತು ಅಂದ್ರೆ ಸುಮಾರು ಮುನ್ನೂರು! ಅಂದ್ರೆ ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಊರಲ್ಲಿ ಎಷ್ಟು ಜನ ಇದಾರೋ ಅಷ್ಟೇ ಜನ ಒದ್ದೆ ಬಟ್ಟೇಲಿ, ಭಾಷೆ ಬರದೋರು, ನಡುಗ್ತಾ ದಂಡೆ ಮೇಲೆ. ಸಮುದ್ರದಾಳಕ್ಕೆ ಮುಳುಗಿ ಚಿಪ್ಪು, ಪಾಚಿ ತೆಗಿಯೋ ಹೆಂಗಸರು ಅಲ್ಲಿದ್ರು, ಅವ್ರನ್ನ ಆಮಾ ಅಂತಾರೆ. ಮರಗಟ್ಟಿ ಹೋಗಿದ್ದ ನಾವಿಕರನ್ನ ಅವ್ರು ತಮ್ಮ ಮೈ ಬಿಸಿಯಿಂದ್ಲೇ ಬದುಕಿಸಿದ್ರು ಅಂತ ಊರಿನೋರು ಇವತ್ತಿಗೂ ಹೇಳ್ತಾರೆ. ಹಡಗಲ್ಲಿದ್ದ ದೊಡ್ಡ ಮನುಷ್ಯ ರೊದ್ರಿಗೋ ದೆ ವಿವೇರೋ, ಫಿಲಿಪೀನ್ಸ್‌ನಲ್ಲಿ ಹಂಗಾಮಿ ಗವರ್ನರ್ ಆಗಿದ್ದು ವಾಪಸ್ ಹೊರಟಿದ್ದೋನು. ಅವ್ನು ಆಮೇಲೆ ಬರ್ದಿಟ್ಟ ವೃತ್ತಾಂತದಲ್ಲಿ ಆ ಹೆಂಗಸರು ಇವ್ರ ಸ್ಥಿತಿ ನೋಡಿ ಅತ್ತಿದ್ದು, ಗಂಡಂದಿರನ್ನ ಕೇಳಿ ಹತ್ತಿ ತುಂಬಿದ ಕಿಮೋನೋ ಕೊಡಿಸಿದ್ದು, ಊಟ ಹಾಕಿದ್ದು ಬರತ್ತೆ. 37 ದಿನ ಆ ಬಡ ಹಳ್ಳಿ ಇಷ್ಟು ಜನರನ್ನ ಸಾಕಿದೆ. ವಿವೇರೋ ಹೆಸರು ಎಲ್ಲಾ ಕಡೆ ಇದೆ, ಆ ಹೆಂಗಸರಲ್ಲಿ ಒಬ್ಬರ ಹೆಸರೂ ಚರಿತ್ರೇಲಿಲ್ಲ. ಇದನ್ನ ಯೋಚಿಸಿದಾಗೆಲ್ಲ ನಂಗೆ ಸ್ವಲ್ಪ ಸಿಟ್ಟೂ ಬರತ್ತೆ.

ಇನ್ನು ದೊಡ್ಡೋರು ಏನ್ ಮಾಡಿದ್ರು ನೋಡಿ. ಆಗ ಜಪಾನಿನ ನಿಜವಾದ ಯಜಮಾನ ತೊಕುಗಾವಾ ಇಎಯಾಸು. ವಿವೇರೋನ ಕರೆಸಿ ಚೆನ್ನಾಗೇ ನೋಡ್ಕೊಂಡ, ದುಡ್ಡು ಕೊಟ್ಟ, ವಿಲಿಯಂ ಆಡಮ್ಸ್ ಅನ್ನೋ ಇಂಗ್ಲಿಷ್ ನಾವಿಕ ಜಪಾನಲ್ಲೇ ಕಟ್ಟಿದ್ದ ಹಡಗನ್ನೂ ಕೊಟ್ಟು 1610ರಲ್ಲಿ ಕಳಿಸಿಕೊಟ್ಟ, ಜೊತೇಲಿ ತನಾಕಾ ಶೋಸುಕೆ ಅನ್ನೋ ವ್ಯಾಪಾರಿ ಸೇರಿ ಇಪ್ಪತ್ತಕ್ಕೂ ಜಾಸ್ತಿ ಜಪಾನೀಯರು ಪೆಸಿಫಿಕ್ ದಾಟಿ ಹೋದ್ರು. ಆದ್ರೆ ಇದೆಲ್ಲ ಪುಕ್ಸಟ್ಟೆ ಅಲ್ಲ. ಇಎಯಾಸುಗೆ ಮೆಕ್ಸಿಕೋದ ಬೆಳ್ಳಿ ಗಣಿ ಕೆಲಸ ಗೊತ್ತಿರೋ ಜನ ಬೇಕಿತ್ತು. ವಿವೇರೋ ಏನ್ ಕಮ್ಮಿನಾ, ಬೆಳ್ಳೀಲಿ ಪಾಲು ಕೊಡಿ, ಪಾದ್ರಿಗಳಿಗೆ ಅಡ್ಡಿ ಮಾಡ್ಬೇಡಿ, ಡಚ್ಚರನ್ನ ಓಡಿಸಿ ಅಂತ ಅವನದೂ ಒಂದು ಲಿಸ್ಟ್ ಇತ್ತು. 1611ರಲ್ಲಿ ಥ್ಯಾಂಕ್ಸ್ ಹೇಳೋಕೆ ಸೆಬಾಸ್ಟಿಯನ್ ವಿಸ್ಕೈನೋ ಅನ್ನೋನು ಸ್ಪೇನ್ ರಾಜನ ಕಡೆಯಿಂದ ಒಂದು ಗಡಿಯಾರ ತಗೊಂಡ್ ಬಂದ, 1581ರಲ್ಲಿ ಮ್ಯಾಡ್ರಿಡ್‌ನಲ್ಲಿ ಮಾಡಿದ್ದು. ಥ್ಯಾಂಕ್ಸ್ ಜೊತೆಗೆ ಅವ್ನಿಗೆ ಇನ್ನೊಂದು ಕೆಲಸಾನೂ ಇತ್ತು, ಜಪಾನ್ ಹತ್ರ ಎಲ್ಲೋ ಚಿನ್ನದ ದ್ವೀಪ ಬೆಳ್ಳಿ ದ್ವೀಪ ಇದೆಯಂತೆ ಅಂತ ಹುಡುಕೋದು. ಸಿಗ್ಲಿಲ್ಲ ಬಿಡಿ, ಇದ್ರೆ ತಾನೆ.

ಉತ್ತರದ ಸೆಂಡಾಯ್‌ನಿಂದ ದಾತೆ ಮಸಾಮುನೆ ಅನ್ನೋ ದೊರೆ ಕೂಡ ಮೆಕ್ಸಿಕೋ ಜೊತೆ ವ್ಯಾಪಾರದ ಆಸೆಗೆ ಬಿದ್ದ. 1613ರ ಅಕ್ಟೋಬರ್‌ನಲ್ಲಿ ಹಸೆಕುರಾ ತ್ಸುನೆನಾಗ ಅನ್ನೋ ಸಮುರಾಯ್‌ನ ಹಡಗಲ್ಲಿ ಕಳಿಸಿದ, 1614ರ ಜನವರಿಯಲ್ಲಿ ಅಕಾಪುಲ್ಕೋ ತಲುಪಿದ್ರು. ಅಲ್ಲಿ ಜಗಳ ಆಗಿ, ಹಸೆಕುರಾ ಮತ್ತೆ ಅವನ ಕಡೆಯ ಕೆಲವರನ್ನ ಬಿಟ್ಟು ಉಳಿದೋರ ಆಯುಧ ಎಲ್ಲಾ ಕಿತ್ತಿಟ್ಕೊಂಡ್ರು. ಪಾಪ ಈ ಮನುಷ್ಯ ಸ್ಪೇನಿಗೆ ಹೋಗಿ, ಮ್ಯಾಡ್ರಿಡ್‌ನಲ್ಲಿ ಕ್ರೈಸ್ತನಾಗಿ, ರೋಮ್‌ಗೆ ಹೋಗಿ ಪೋಪ್‌ನ ನೋಡಿ, 1620ರಲ್ಲಿ ಊರಿಗೆ ವಾಪಸ್ ಬರೋ ಹೊತ್ತಿಗೆ ಜಪಾನಲ್ಲಿ ಕ್ರೈಸ್ತ ಧರ್ಮಾನೇ ನಿಷೇಧ. ಎರಡೇ ವರ್ಷಕ್ಕೆ ತೀರಿಕೊಂಡ. 1624ರಲ್ಲಿ ಸ್ಪೇನಿನೋರು ಬರೋ ಹಾಗೇ ಇಲ್ಲ ಅಂತ ಬಾಗಿಲು ಹಾಕಿದ್ರು. ಲೆಕ್ಕ ಹಾಕಿ, ಹಡಗು ಒಡೆದು ಹದಿನೈದು ವರ್ಷಕ್ಕೆ ಬೆಳ್ಳಿ, ವ್ಯಾಪಾರ, ಧರ್ಮ ಎಲ್ಲಾ ಡೀಲೂ ನೀರು ಪಾಲು.

ಈಗ ಸೆಂಡಾಯ್‌ಗೂ ಅಕಾಪುಲ್ಕೋಗೂ 1973ರಿಂದ ಸಿಸ್ಟರ್ ಸಿಟಿ ಸಂಬಂಧ ಇದೆ, ಅಕಾಪುಲ್ಕೋದಲ್ಲಿ ಹಸೆಕುರಾನ ಪ್ರತಿಮೆ ಇದೆ. ತಪ್ಪೇನಿಲ್ಲ. ಆದ್ರೂ ನಂಗೆ ಅದು ದೊರೆಗಳ ನೆಂಟಸ್ತನ ಅನ್ಸತ್ತೆ, ಒಂಜುಕುದು ಬೇರೆ.

ಹಾಗಂತ ಒಂಜುಕು ಜನ ನಾನೂರು ವರ್ಷ ಇದನ್ನೇ ಜಪಿಸ್ತಾ ಕೂತಿದ್ರು ಅಂತ ನಾನು ಹೇಳಲ್ಲ, ಅಂಥ ಕತೆ ಎಲ್ಲ ಟೂರಿಸಂ ಬ್ರೋಷರ್‌ಗೆ ಚೆನ್ನ. ಮಧ್ಯ ಇನ್ನೂರು ಚಿಲ್ಲರೆ ವರ್ಷ ಜಪಾನ್ ಮುಚ್ಚಿತ್ತು, ಆ ಕಡೆ ಮೆಕ್ಸಿಕೋ ಸ್ಪೇನಿನಿಂದ ಬಿಡಿಸ್ಕೊಂಡು ಬೇರೆ ದೇಶಾನೇ ಆಯ್ತು. 1888ರಲ್ಲಿ ಎರಡೂ ದೇಶ ಒಪ್ಪಂದ ಮಾಡ್ಕೊಂಡ್ವು, ಏಷ್ಯಾದ ಹೊರಗಿನ ದೇಶವೊಂದು ಜಪಾನನ್ನ ಸರಿಸಮ ಅಂತ ಒಪ್ಕೊಂಡು ಮಾಡಿದ ಮೊದಲ ಒಪ್ಪಂದ ಅದು. ಬ್ರಿಟನ್ನು ಅಮೆರಿಕ ಎಲ್ಲಾ ಜಪಾನಿನ ತಲೆ ಮೇಲೆ ಕೂತಿದ್ದ ಕಾಲ, ಅದಕ್ಕೆ ಜಪಾನಿಗೆ ಮೆಕ್ಸಿಕೋದ ಋಣ, ಟೋಕಿಯೋದ ನಾಗಾತಾಚೋದಲ್ಲಿ, ಸರ್ಕಾರದ ಪಕ್ಕದಲ್ಲೇ, ರಾಯಭಾರ ಕಚೇರಿಗೆ ಜಾಗ ಸಿಕ್ತು. ಅದಾದ್ಮೇಲೆ 1928ರಲ್ಲಿ ಇವಾವಾಡದ ಗುಡ್ಡದ ಮೇಲೆ 17 ಮೀಟರ್ ಎತ್ತರದ ಸ್ಮಾರಕ ನಿಲ್ಲಿಸಿದ್ರು. 1978ರಲ್ಲಿ ಮೆಕ್ಸಿಕೋ ಅಧ್ಯಕ್ಷ ಲೋಪೆಸ್ ಪೋರ್ತಿಯೋ ಖುದ್ದು ಈ ಪುಟ್ಟ ಊರಿಗೆ ಬಂದ್ರು, ಅದೇ ವರ್ಷ ಅಕಾಪುಲ್ಕೋ ಜೊತೆ ಸಂಬಂಧ ಸಹಿ ಆಯ್ತು. ಒಂದು ದೇಶದ ಅಧ್ಯಕ್ಷ ಟೋಕಿಯೋ ಬಿಟ್ಟು ಮೀನುಗಾರರ ಊರಿಗೆ ಹೋಗ್ತಾನೆ ಅಂದ್ರೆ ಅಲ್ಲಿ ಯಾವ ಫ್ಯಾಕ್ಟರಿ ಒಪ್ಪಂದಾನೂ ಇರ್ಲಿಲ್ಲ, ಕೃತಜ್ಞತೆ ಒಂದೇ ಕಾರಣ. 2009ಕ್ಕೆ ನಾನೂರು ವರ್ಷ ತುಂಬಿದಾಗ ಮೆಕ್ಸಿಕೋ ಕಡೆಯಿಂದ ಒಂದು ಶಿಲ್ಪ ಕೊಟ್ರು, ಅಪ್ಪುಗೆ ಅಂತ ಹೆಸರು. ಆಮೇಲೆ ವಿವೇರೋ ಹುಟ್ಟಿದ ತೆಕಾಮಚಾಲ್ಕೋ ಊರೂ ಒಂಜುಕು ಜೊತೆ ಸೇರ್ಕೊಂತು.

ನೆನಪು ಅನ್ನೋದು ತಾನಾಗೇ ಉಳಿಯಲ್ಲ, ಯಾರೋ ಎತ್ತಿ ನಿಲ್ಲಿಸ್ಬೇಕು. ಆದ್ರೆ ಎತ್ತಿ ನಿಲ್ಲಿಸೋಕೆ ಒಳಗೆ ಏನಾದ್ರೂ ಇರ್ಬೇಕಲ್ವಾ! ಬರೀ ಸಹಿ ಮೇಲೆ ನಿಂತಿರೋ ಸಂಬಂಧ ಎಷ್ಟು ಗಟ್ಟಿ ಅಂತ ನೋಡ್ಬೇಕಾದ್ರೆ ಒಸಾಕಾ ನೋಡಿ, 1957ರಿಂದ ಸ್ಯಾನ್ ಫ್ರಾನ್ಸಿಸ್ಕೋ ಜೊತೆಗಿತ್ತು (ಈ ಸಲ ಊರೇ). ಯುದ್ಧಕಾಲದಲ್ಲಿ ಜಪಾನ್ ಸೈನ್ಯ ಹಿಂಸಿಸಿದ ಹೆಂಗಸರ ನೆನಪಿಗೆ ಅಲ್ಲಿ ಒಂದು ಪ್ರತಿಮೆ ನಿಲ್ಲಿಸಿದ್ರು ಅಂತ 2018ರಲ್ಲಿ ಒಸಾಕಾ ಮೇಯರ್ ಸಂಬಂಧಾನೇ ಕಡ್ಕೊಂಡ. ಅರವತ್ತು ವರ್ಷದ ಸ್ನೇಹ, ಒಂದು ಪ್ರತಿಮೆಗೆ ಮುಗೀತು. ಅಲ್ಲಿ ಹೆಂಗಸರನ್ನ ನೆನಸ್ಕೊಂಡಿದ್ದೇ ತಪ್ಪಾಯ್ತು, ಇಲ್ಲಿ ಇಡೀ ಸಂಬಂಧ ನಿಂತಿರೋದೇ ಹೆಂಗಸರ ನೆನಪಿನ ಮೇಲೆ.

"ಇದ್ರಿಂದ ಅಕಾಪುಲ್ಕೋಗೆ ಏನ್ ಸಿಕ್ತು, ಒಂಜುಕುಗೆ ಏನ್ ಬಂತು" ಅಂತ ಕೇಳೋರು ಇರ್ತಾರೆ, ನನ್ನ ಲಿಸ್ಟಲ್ಲೇ ಇದಾರೆ ನಾಲ್ಕೈದು ಜನ, ಕಾಮೆಂಟ್ ಹಾಕೇ ಹಾಕ್ತಾರೆ. ದುಡ್ಡಿನ ಲೆಕ್ಕದಲ್ಲಿ ಹೆಚ್ಚೇನಿಲ್ಲ ಸ್ವಾಮಿ. ಜಪಾನಿನ ಕಾರ್ ಫ್ಯಾಕ್ಟರಿಗಳು ಮೆಕ್ಸಿಕೋಗೆ ಹೋಗಿದ್ದು ಅಗ್ವಾಸ್ಕಾಲಿಯೆಂತೆಸ್, ಗ್ವಾನಾಹ್ವಾತೋ ಕಡೆ, ಅಕಾಪುಲ್ಕೋಗಲ್ಲ. 2023ರ ಅಕ್ಟೋಬರ್‌ನಲ್ಲಿ ಓಟಿಸ್ ಚಂಡಮಾರುತ ಅಕಾಪುಲ್ಕೋನ ನುಚ್ಚುನೂರು ಮಾಡ್ತು, ಐದನೇ ದರ್ಜೆದು, ಸಂಬಂಧ ಇದೆ ಅಂತ ಗಾಳಿ ಏನ್ ತಿರುಗಿ ಹೋಗಲ್ಲ. ಆದ್ರೆ ಸಮುದ್ರ ಮುನಿದ್ರೆ ಏನಾಗತ್ತೆ ಅಂತ ಎರಡೂ ಕಡೆ ಜನಕ್ಕೆ ಗೊತ್ತು, ಅದು ಯಾವ ಎಂಒಯುನಲ್ಲೂ ಬರಿಯೋಕಾಗಲ್ಲ.

ನಮ್ಮೂರಿಗೆ ಮುಂದಿನ ಸಿಸ್ಟರ್ ಸಿಟಿ ಹುಡುಕೋರು ಐಟಿ ಕಂಪನಿ ಲೆಕ್ಕ ಬಿಟ್ಟು, ನಮ್ ಜನ ಯಾರ ಕೈ ಹಿಡ್ದಿದ್ರು, ನಮ್ ಕೈ ಯಾರ್ ಹಿಡ್ದಿದ್ರು ಅಂತ ಒಂದ್ಸಲ ಹಳೇ ಕಾಗದ ತಿರುವಿ ಹಾಕ್ಲಿ.

ಟೋಕಿಯೋ ಕಡೆ ಇರೋ ಕನ್ನಡದವ್ರು ಯಾರಾದ್ರೂ ಇದನ್ನ ಓದ್ತಿದ್ರೆ ಒಂಜುಕುಗೆ ಹೋಗ್ಬನ್ನಿ, ಟೋಕಿಯೋ ಸ್ಟೇಷನ್ನಿಂದ ವಕಾಶಿಯೋ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಒಂದೂವರೆ ಗಂಟೆ ದಾರಿ. ಸ್ಪೇನ್ ರಾಜ ಕಳಿಸಿದ ಆ ಗಡಿಯಾರ ನೋಡ್ಬೇಕು ಅಂದ್ರೆ ಅದು ಅಲ್ಲಿಲ್ಲ, ಶಿಜುವೋಕಾದ ಕುನೋಜಾನ್ ತೋಶೋಗು ಗುಡೀಲಿದೆ, 1,159 ಮೆಟ್ಲು ಹತ್ಬೇಕು. ಮಂಡಿ ನೋವಿರೋರು ಹೆದರ್ಬೇಡಿ, ಆ ಕಡೆ ಬೆಟ್ಟದಿಂದ ರೋಪ್‌ವೇ ಇದೆ.